ಉಸಿರು ನೋಡಿ ಎಣ್ಣೆ ಕೊಡುತ್ತಿದ್ದ ಮೇಸ್ತ್ರಿ

ಇವತ್ತು ಬೆಳಿಗ್ಗೆ ನನ್ನ ಮೊಮ್ಮಗಳು ತಾನೇ ಬಾಯಿ ಹಾಕಿ ತಾಯಿಯ ಹಾಲು ಕುಡಿದಳು!

ಹುಟ್ಟಿದ ಕೂಸುಗಳೆಲ್ಲ ಕುಡಿಯುತ್ತವೆ, ಇದರಲ್ಲೇನು ಹೆಚ್ಚುಗಾರಿಕೆ ಅನ್ನಬೇಡಿ. ನಮ್ಮ ಕೂಸು ಎಂಟು ತಿಂಗಳು ತುಂಬುವ ಮೊದಲೇ ಹುಟ್ಟಿದ್ದು. ನನ್ನ ಎರಡು ಅಂಗೈ ಜೋಡಿಸಿದರೆ ಇಡೀ ಕೂಸು ಅದರೊಳಗೆ ಹಿಡಿಸುತ್ತಿತ್ತು. ಹೀರಲು ತ್ರಾಣವಿರಲಿಲ್ಲ. ಆಸ್ಪತ್ರೆಯಲ್ಲಿ ಹದಿನೈದು ದಿನ, ಮನೆಯಲ್ಲಿ ಮೂವತ್ತೇಳು ದಿನ, ಹನಿ ಹನಿಯಾಗಿ ಕುಡಿಸಿ ಉಳಿಸಿಕೊಂಡು ಬಂದೆವು. ಇವತ್ತು ಮಗಳು ಸುಮ್ಮನೆ ಎದೆಗೆ ಒತ್ತಿಕೊಂಡು ಕೂತಿದ್ದಾಗ ಅದೇ ಹುಡುಕಿತು, ಅದೇ ಹಿಡಿಯಿತು, ಅದೇ ಕುಡಿಯಿತು. ಪಕ್ಕದ ಬೀದಿಯ ನರ್ಸಮ್ಮನನ್ನು ಕರೆತಂದೆ. ಅವರು ಕೂಸನ್ನು ತಕ್ಕಡಿಯಲ್ಲಿ ಮಲಗಿಸಿ ನೋಡಿ, ಕೆನ್ನೆ ಸವರಿ, “ತಾತ, ನಿಮ್ ಡ್ಯೂಟಿ ಮುಗೀತು. ಓಗಿ ಮನಿಕಳಿ” ಅಂದರು.

ಮಲಗುವ ಮಾತೆಲ್ಲಿ ಬಂತು! ಹೆಗಲಿಗೆ ಟವಲು ಕೂಡ ಹಾಕದೆ ಬೀದಿಗಿಳಿದೆ. ಎದುರು ಮನೆಗೆ ಹೇಳಿದೆ, ಸೋಡಾ ಅಂಗಡಿಗೆ ಹೇಳಿದೆ, ಬಸ್ ಸ್ಟ್ಯಾಂಡಿನಲ್ಲಿ ಗುರುತಿಲ್ಲದವರಿಗೂ ಹೇಳಿದೆ. ಯಳಂದೂರಿನ ಬಸ್ಸಿಗೆ ನಿಂತಿದ್ದವನೊಬ್ಬ, “ಬಾಳ ಸಂತೋಸ ಕಣಯ್ಯಾ. ಆದ್ರೆ ನನ್ ಬಸ್ಸು ಬಂತು, ಕೈ ಬುಡು” ಅಂದ. ನೋಡಿದರೆ ಅವನ ಕೈ ನನ್ನ ಎರಡು ಕೈಯೊಳಗಿತ್ತು.

ಆಮೇಲೆ ಕಾಲು ತಾನಾಗಿ ಹನೂರು ರಸ್ತೆಗೆ ತಿರುಗಿತು. ಅಲ್ಲಿ ಹುಣಸೆಮರದ ಪಕ್ಕ ಒಂದು ತಗಡಿನ ಶೆಡ್ಡು. ಈಗ ಅದು ಸೈಕಲ್ ಶಾಪು. ಈ ಸುದ್ದಿಯನ್ನು ಯಾರಿಗೆ ಮೊದಲು ಹೇಳಬೇಕಿತ್ತೋ ಅವರು ಅಲ್ಲಿಲ್ಲ. ಹೋದ ವರ್ಷ ಗೋಪಿನಾಥಂ ಕಡೆ ತಂಗಿಯ ಮನೆಯಲ್ಲಿ ತೀರಿಕೊಂಡರು. ನನಗೆ ತಿಳಿದದ್ದು ತಿಂಗಳ ಮೇಲೆ. ಅಲ್ಲಿಗೆ ಹೋಗುವ ಬಸ್ಸೂ ಕಡಿಮೆ, ಅಲ್ಲಿಂದ ಬರುವ ಮಾತೂ ಕಡಿಮೆ.

ಅದಕ್ಕೇ ಮನೆಗೆ ಬಂದು ಬರೆಯಲು ಕೂತೆ. ಮೂರನೇ ಕ್ಲಾಸಿಗೆ ನಿಂತ ಓದು. ಸ್ಟೇರಿಂಗ್ ಹಿಡಿದಷ್ಟು ನೆಟ್ಟಗೆ ಈ ಕೈಗೆ ಪೆನ್ನು ಹಿಡಿಯಲು ಬಾರದು.

ಅವರ ಹೆಸರು ಬರೆಯುವುದಿಲ್ಲ. ಶೆಡ್ಡಿಗೊಂದು ಬೋರ್ಡು ಬರೆಸಿ ಅಂದವರಿಗೆಲ್ಲ, “ಗಾಡಿ ಒಗೆ ಇಲ್ದೆ ಓದ್ರೆ ಅದೇ ಬೋರ್ಡು” ಎನ್ನುತ್ತಿದ್ದ ಮನುಷ್ಯ. ಊರಿಗೆಲ್ಲ ಅವರು ನಾಜಲ್ ಮೇಸ್ತ್ರಿ. ನಾಜಲ್ ಅಂದರೆ ಡೀಸೆಲ್ ಇಂಜಿನ್ನಿನೊಳಗೆ ಎಣ್ಣೆ ಊದುವ ಮೂತಿ. ಕಿರುಬೆರಳಿನಷ್ಟು ಉಕ್ಕು, ತುದಿಯಲ್ಲಿ ಕೂದಲೆಳೆ ತೂರುವಂಥ ತೂತುಗಳು. ಪಂಪು ಒತ್ತಿದಾಗ ಎಣ್ಣೆ ಅಲ್ಲಿಂದ ಮಂಜಾಗಿ ಹಾರಬೇಕು. ಬಸ್ಸಿನದಾಗಲಿ, ಲಾರಿಯದಾಗಲಿ, ಹೊಲದ ಪಂಪ್‌ಸೆಟ್ಟಿನದಾಗಲಿ, ಮೇಸ್ತ್ರಿಯ ಕೆಲಸ ಆ ಮೂತಿಯೊಂದೇ. ಬ್ರೇಕು ನೋಡಿ ಅಂದರೆ, “ನಿಲ್ಸೋರು ಬೇರೆ ಅವ್ರೆ, ಅಲ್ಲಿಗೋಗು” ಎಂದು ಕೈ ತೋರಿಸುತ್ತಿದ್ದರು.

ಕೊಳ್ಳೇಗಾಲ ಮದರಾಸನ್ನು ಬಿಟ್ಟು ಮೈಸೂರಿಗೆ ಸೇರಿದ ವರ್ಷ ಅವರು ಬಂದು ಶೆಡ್ಡು ಹಾಕಿದ್ದು. ಗಡಿ ಕಡೆಯವರಾದ್ದರಿಂದ ತಮಿಳೂ ಕನ್ನಡವೂ ಒಂದೇ ಬಾಯಲ್ಲಿ ಬರುತ್ತಿತ್ತು. ಎಲ್ಲಿಂದ ಬಂದಿರಿ ಅಂದರೆ, “ಇಡೀ ಊರೇ ಗಡಿ ದಾಟಿ ಬಂದದೆ, ನಾನೊಬ್ಬ ಬಂದಿದ್ದು ಎಚ್ಚಾ?” ಎನ್ನುವರು. ನನಗಿಂತ ಎಂಟು ಹತ್ತು ವರ್ಷ ದೊಡ್ಡವರು. ನನ್ನನ್ನು ಕಡೇತನಕ ತಂಬಿ ಎಂದೇ ಕರೆದರು, ನನ್ನ ತಲೆ ನರೆತ ಮೇಲೂ.

ಎಡಗೈಯ ತೋರುಬೆರಳು ಅರ್ಧ ಇರಲಿಲ್ಲ. ಹರೆಯದಲ್ಲಿ ಎಲ್ಲೋ ಕೆಲಸ ಕಲಿಯುವಾಗ ಹಾರುವ ಎಣ್ಣೆಗೆ ಬೆರಳು ಅಡ್ಡ ಇಟ್ಟಿದ್ದರಂತೆ. ಸೂಜಿ ಚುಚ್ಚಿದಷ್ಟು ಗಾಯ. ಏನೂ ಆಗಿಲ್ಲವೆಂದು ಸುಮ್ಮನಿದ್ದರು. ಚರ್ಮದೊಳಗೆ ಹೊಕ್ಕ ಎಣ್ಣೆ ವಾರದೊಳಗೆ ಬೆರಳನ್ನು ತಿಂದಿತು. ಶೆಡ್ಡಿಗೆ ಯಾರು ಬಂದರೂ ಮೊದಲು ಆ ಮೊಂಡು ಬೆರಳು ಎತ್ತಿ ತೋರಿಸಿ, “ದೂರ ನಿಂತ್ಕಳಿ ಸಾಮಿ. ಸುಮ್ಕಿದ್ರೆ ಎಣ್ಣೆ. ಒತ್ತಿದ್ರೆ ಸೂಜಿ” ಎಂದು ಹೇಳಿಯೇ ಕೆಲಸಕ್ಕೆ ಕೈ ಹಾಕುತ್ತಿದ್ದರು.

ಡೀಸೆಲನ್ನು ಅವರು ಸೋಸುತ್ತಿದ್ದದ್ದು ರೇಷ್ಮೆಯಲ್ಲಿ. ನೇಯುವವರ ಬೀದಿಗೆ ಹೋಗಿ ಮಗ್ಗದಲ್ಲಿ ಉಳಿದ ತುಂಡು ಕೇಳಿ ತರುತ್ತಿದ್ದರು. ಹತ್ತಿಯಾದರೆ ನಾರು ಬಿಡುತ್ತದೆ, ಆ ನಾರು ಹೋಗಿ ತೂತಿನಲ್ಲಿ ಕೂರುತ್ತದೆ ಎಂದು. ಅವರು ಉಡುತ್ತಿದ್ದ ಪಂಚೆಗೋ ಮೂರು ತೇಪೆ. ನೇಯುವ ಮನೆಯ ಅಜ್ಜಿಯೊಬ್ಬಳು, “ಏನಪ್ಪಾ, ಮದ್ವೆ ಗಂಡು ಡೀಸೆಲ್ಲಾ?” ಎಂದು ಹಾಸ್ಯ ಮಾಡಿದರೆ, “ಊ ಕಣವ್ವಾ, ನಾನು ಬರೀ ಓಲಗದೋನು” ಅಂದಿದ್ದರು.

ನಾಜಲನ್ನು ಪರೀಕ್ಷೆ ಮಾಡುವ ಕೈಪಂಪೊಂದು ಬೆಂಚಿನ ಮೇಲಿತ್ತು. ಅದಕ್ಕೊಂದು ಹಿಡಿ, ಒಂದು ಗೇಜು. ಹಿಡಿ ಒತ್ತಿದರೆ ಮುಳ್ಳು ಏರುತ್ತಾ ಹೋಗಿ, ಸರಿಯಾದ ಅಂಕಿಗೆ ಬಂದಾಗ ನಾಜಲ್ ಬಾಯಿ ಬಿಟ್ಟು ಕರ್ ಕರ್ ಎಂದು ಜೀರುಂಡೆಯ ಹಾಗೆ ಕೂಗಬೇಕು. ಮುಂಚೆಯೇ ಬಾಯಿ ಬಿಟ್ಟರೆ ಸ್ಪ್ರಿಂಗ್ ಸೋತಿದೆ, ಎಣ್ಣೆ ಮಂಜಾಗದು, ಸುರಿಯುತ್ತದೆ. ಕೂಗಿ ಮುಗಿದ ಮೇಲೆ ಮೇಸ್ತ್ರಿ ತುದಿಯನ್ನು ಒರೆಸಿ, ಎರಡು ಸಲ ಎಲೆಅಡಿಕೆ ಜಗಿಯುವಷ್ಟು ಹೊತ್ತು ಸುಮ್ಮನಿದ್ದು, ಒಂದು ಬಿಳಿ ಕಾಗದ ತಾಗಿಸುವರು. ಕಾಗದ ಒದ್ದೆಯಾದರೆ, “ಇದ್ಕೆ ಮೂಗು ಸೋರ್ತದೆ” ಎಂದು ಮತ್ತೆ ಬಿಚ್ಚುವರು. ಬಸ್ಸು ನಿಲ್ಲಿಸಿಕೊಂಡು ನಾವು ಒದ್ದಾಡುತ್ತಿದ್ದರೆ ತಲೆ ಎತ್ತದೆ ಒಂದೇ ಮಾತು: “ಪೊರು.” ಸ್ವಲ್ಪ ತಾಳು ಎಂದು. ಅವರಷ್ಟು ಸಲ ಆ ಮಾತು ಹೇಳಿದವರನ್ನು ನಾನು ಕಂಡಿಲ್ಲ.

ನಾನು ತಾಳುವ ಜಾತಿಯವನಾಗಿರಲಿಲ್ಲ.

ಹನೂರು ದಾಟಿ ಮಾದಪ್ಪನ ಬೆಟ್ಟಕ್ಕೆ ಹೋಗಲು ಆಗ ಎರಡು ಪ್ರೈವೇಟ್ ಬಸ್ಸು. ನಾನು ಓಡಿಸುತ್ತಿದ್ದದ್ದು ಹಸಿರು ಬಸ್ಸು, ಇನ್ನೊಂದು ನೀಲಿ. ಮುಂದೆ ಹೋದವನಿಗೆ ಜನ, ಹಿಂದೆ ಬಂದವನಿಗೆ ಧೂಳು. ನೀಲಿ ಬಸ್ಸಿನ ಡ್ರೈವರು ನನ್ನನ್ನು ದಾಟುವಾಗಲೆಲ್ಲ ಕೈ ಹೊರಗೆ ಹಾಕಿ, ಎತ್ತು ಹೊಡೆಯುವ ಹಾಗೆ “ಹೈ, ಹೈ” ಎಂದು ಆಡಿಸುತ್ತಿದ್ದ. ಮೈ ಉರಿದುಹೋಗುತ್ತಿತ್ತು. ಒಂದು ದಿನ ಮೇಸ್ತ್ರಿಯ ಮುಂದೆ ನಿಂತೆ.

“ಅಣ್ಣಾ, ದೊಡ್ಡ ತೂತಿನ ನಾಜಲ್ ಆಕ್ಕೊಡಿ. ಎಣ್ಣೆ ಜಾಸ್ತಿ ಓಗ್ಲಿ.”

“ಎಷ್ಟು ಜಾಸ್ತಿ?”

“ನೀಲಿ ಬಸ್ಸು ಹಿಂದೆ ಬೀಳೋವಷ್ಟು.”

“ತಂಬಿ, ನಿಮ್ಮನೇಲಿ ಒಲೆ ಅದಾ?”

“ಅದೆ.”

“ಒಲೆ ತುಂಬಾ ಸೌದೆ ತುರುಕುದ್ರೆ ಏನಾಯ್ತದೆ?”

“ಒಗೆ ಆಯ್ತದೆ. ನನ್ ಎಂಡ್ರು ಬೈತಾಳೆ.”

“ಅವಮ್ಮಂಗೆ ಗೊತ್ತಿರಾದು ನಿಂಗ್ ಗೊತ್ತಿಲ್ವಲ್ಲ! ಇಂಜಿನ್ನು ಎಷ್ಟು ಗಾಳಿ ಎಳ್ಕತದೋ ಅಷ್ಟೇ ಎಣ್ಣೆ ಉರಿಯಾದು. ಅದರ ಉಸಿರು ನೋಡಿ ಎಣ್ಣೆ ಕೊಡ್ಬೇಕು ಕಣಪ್ಪಾ, ನಿನ್ ಒಟ್ಟೆಕಿಚ್ಚು ನೋಡಿ ಅಲ್ಲ.”

ಹಾಕಿಕೊಡಲಿಲ್ಲ. ನಾನು ಬಿಡಲಿಲ್ಲ. ಹಳೆ ಲಾರಿ ಬಿಚ್ಚಿ ಮಾರುವವನೊಬ್ಬನ ಹತ್ತಿರ ದೊಡ್ಡ ಇಂಜಿನ್ನಿನ ನಾಜಲ್‌ಗಳು ಸಿಕ್ಕವು. ನಾನೂ ಕಂಡಕ್ಟರೂ ಸೇರಿ ಒಂದು ಭಾನುವಾರ ಯಾರಿಗೂ ಹೇಳದೆ ಕೂರಿಸಿದೆವು. ಸೋಮವಾರ ಬಸ್ಸು ಹುಚ್ಚೆದ್ದ ಹೋರಿಯ ಹಾಗೆ ನುಗ್ಗಿತು. ಕಾಮಗೆರೆ ಹತ್ತಿರ ನೀಲಿ ಬಸ್ಸನ್ನು ಹಿಂದೆ ಹಾಕಿ ನಾನೂ ಕೈ ಹೊರಗೆ ಹಾಕಿದೆ, “ಹೈ, ಹೈ!” ಹಿಂದೆ ನೋಡಿದರೆ ನೀಲಿ ಬಸ್ಸೂ ಇಲ್ಲ, ರಸ್ತೆಯೂ ಇಲ್ಲ, ಬರೀ ಕರೀ ಹೊಗೆ. ಕೋಳಿಬುಟ್ಟಿ ಮಡಿಲಲ್ಲಿಟ್ಟುಕೊಂಡಿದ್ದ ಮುದುಕಿಯೊಬ್ಬಳು, “ಏನ್ಲಾ ಮಗಾ, ಬಸ್ಸಿಗೆ ದೂಪ ಆಕಿದ್ದೀಯಾ?” ಅಂದಳು. ಎಲ್ಲರೂ ನಕ್ಕರು. ನಾನೇ ಜೋರಾಗಿ ನಕ್ಕೆ.

ನಾಲ್ಕು ದಿನಕ್ಕೆ ಇನ್ನೊಂದು ಸೋಜಿಗ ಕಂಡಿತು. ದಿನಾ ಬೆಳಿಗ್ಗೆ ಇಂಜಿನ್ ಆಯಿಲ್ ಎಷ್ಟಿದೆ ಎಂದು ಕಡ್ಡಿ ಎಳೆದು ನೋಡುವುದು ವಾಡಿಕೆ. ಎಲ್ಲರ ಗಾಡಿಯಲ್ಲೂ ಆಯಿಲ್ ಇಳಿಯುತ್ತದೆ, ನಮ್ಮದರಲ್ಲಿ ಏರುತ್ತಿತ್ತು! ಕಂಡಕ್ಟರ್ ಕಡ್ಡಿ ಹಿಡಿದು, “ಅಣ್ಣಾ, ಆಯಿಲ್ ಎಚ್ಚಾಗದೆ! ನಾವು ಉಯ್ದೇ ಇಲ್ಲ!” ಎಂದು ಕುಣಿದ. ನಾನು, “ದಿನಾ ಬೆಟ್ಟ ಅತ್ತಿ ಇಳೀತೀವಲ್ಲ ಕಣ್ಲಾ, ಮಾದಪ್ಪ ಕೊಡ್ತಾವ್ನೆ” ಅಂದೆ. ಅವತ್ತಿನಿಂದ ಕಂಡಕ್ಟರ್ ದಿನಾ ಆ ಕಡ್ಡಿಯ ತಲೆಗೆ ವಿಭೂತಿ ಹಚ್ಚುತ್ತಿದ್ದ. ಏರುತ್ತಲೇ ಹೋಯಿತು. ನಾವು ಕೈ ಮುಗಿಯುತ್ತಲೇ ಹೋದೆವು.

ಮೇಸ್ತ್ರಿ ದಿನಾ ಹುಣಸೆಮರದ ಕೆಳಗೆ ನಿಂತು ನಮ್ಮ ಹೊಗೆ ನೋಡುತ್ತಿದ್ದರು. ಮೊಂಡು ಬೆರಳು ಎತ್ತುತ್ತಿದ್ದರು. ನಾನು ಕಾಣದವನ ಹಾಗೆ ಇನ್ನೂ ಒತ್ತಿ ತುಳಿಯುತ್ತಿದ್ದೆ.

ಹದಿನೈದು ದಿನ ಆಗಿರಬೇಕು. ತಾಳಬೆಟ್ಟ ದಾಟಿ ಮೂರನೇ ತಿರುವಿನಲ್ಲಿ ಇಂಜಿನ್ ಕಟ್ ಕಟ್ ಎಂದು ಹೊಡೆದುಕೊಂಡು ನಿಂತೇಬಿಟ್ಟಿತು. ಬಸ್ಸು ತುಂಬಾ ಹರಕೆಯ ಜನ. ಚಕ್ರಕ್ಕೆ ಕಲ್ಲು ಕೊಟ್ಟು ಎಲ್ಲರನ್ನೂ ಇಳಿಸಿದೆವು. ಅವರು ಉಘೇ ಎನ್ನುತ್ತಾ ನಡೆದು ಹೋದರು. ಇಳಿದು ಹೋಗುವ ಲಾರಿಯೊಂದರಲ್ಲಿ ಸುದ್ದಿ ಕಳಿಸಿ ನಾವಿಬ್ಬರೂ ಕೂತೆವು. ಕೆಲಸ ಹೋಯಿತು ಎಂದು ನನಗೆ ಖಾತ್ರಿಯಾಗಿತ್ತು. ಮನೆಯಲ್ಲಿ ಐದು ಮಕ್ಕಳು.

ಮಧ್ಯಾಹ್ನ ಮೇಸ್ತ್ರಿ ಬಂದರು. ಬಂದದ್ದು ನೀಲಿ ಬಸ್ಸಿನಲ್ಲಿ! ಅದರ ಡ್ರೈವರು ಅವತ್ತು ಹೈ ಅನ್ನಲಿಲ್ಲ, ಇಳಿದು ಬಂದು ಚಕ್ರಕ್ಕೆ ಇನ್ನೊಂದು ಕಲ್ಲು ಕೊಟ್ಟು ಹೋದ. ಮೇಸ್ತ್ರಿ ಆಯಿಲ್ ಕಡ್ಡಿ ಎಳೆದರು, ವಿಭೂತಿ ನೋಡಿದರು, ಮೂಸಿದರು, ಹೆಬ್ಬೆರಳಿನಲ್ಲಿ ತಿಕ್ಕಿದರು.

“ಆಯಿಲ್ ಏರ್ತಾ ಇತ್ತಾ?”

“ಇತ್ತು ಅಣ್ಣಾ. ಮಾದಪ್ಪ…”

“ಅವನ್ನ ಯಾಕೆ ಎಳೀತೀಯಾ? ಇದು ಡೀಸೆಲ್ಲು. ನೀನು ತುರುಕ್ದೆ, ಉರಿಯಾಕೆ ಉಸಿರು ಸಾಲ್ದೆ ಅದು ಕಕ್ತು. ಕಕ್ಕಿದ್ದು ಕೆಳಕಿಳ್ದು ಆಯಿಲ್ ಸೇರ್ಕತು. ಮಗೀಗೆ ಒಟ್ಟೆ ತುಂಬದೆ ಅಂತ ನೀವು ಕುಣೀತಾ ಇದ್ರಿ. ಅದು ವಾಂತಿ ತಂಬಿ.”

ಅಷ್ಟೇ. ನಾನು ಮುಂಚೇನೇ ಹೇಳಿರಲಿಲ್ಲವಾ ಎಂಬ ಮಾತು ಅವತ್ತೂ ಬರಲಿಲ್ಲ, ಆಮೇಲೂ ಬರಲಿಲ್ಲ.

ಒಂದು ಪಿಸ್ಟನ್ನಿನ ತಲೆ ಸುಟ್ಟುಹೋಗಿತ್ತು. ಬಸ್ಸನ್ನು ಎಳೆದುಕೊಂಡು ಕೊಳ್ಳೇಗಾಲಕ್ಕೆ ತಂದ ಮೇಲೆ ಬಸ್ಸಿನ ಸಾಹುಕಾರರು ಬಂದು ಕೇಳಿದರು, “ಯಾರ್ಲಾ ಆಕಿದ್ದು ಈ ನಾಜಲ್ಲು?” ನನ್ನ ನಾಲಿಗೆ ಒಣಗಿಹೋಯಿತು. ಮೇಸ್ತ್ರಿ ನಡುವೆ ಬಂದರು.

“ಅದ್ನ ಡ್ರೈವರೇ ಏಳ್ತಾನೆ ಸಾ. ಏಳಾಕ್ ಮುಂಚೆ ನಂದೊಂದು ಮಾತು. ಇನ್ಮೇಲೆ ಈ ದಾರೀಲಿ ಇವನಷ್ಟು ಉಸಾರಾಗಿ ಓಡ್ಸೋನು ನಿಮಗೆ ಸಿಕ್ಕಕಿಲ್ಲ.”

ಆಮೇಲೆ ನಾನು ಹೇಳಿದೆ. ಸಾಹುಕಾರರು, “ಮೇಸ್ತ್ರಿ ಏಳಿದ್ರಲ್ಲ. ಓಗು, ಕೆಲ್ಸ ನೋಡು” ಅಂದರು.

ಅದರ ಬದಲಿಗೆ ಮೇಸ್ತ್ರಿ ನನ್ನಿಂದ ಕೇಳಿದ್ದು ನನ್ನ ಭಾನುವಾರಗಳನ್ನು. ಎರಡು ತಿಂಗಳು ಅವರ ಬೆಂಚಿನ ಮುಂದೆ ಕೂತು ಆ ಕೈಪಂಪು ಒತ್ತಿದೆ. “ಕಣ್ ಮುಚ್ಚು. ಕೇಳು” ಎನ್ನುವರು. ಮೊದಲು ನನಗೆ ಎಲ್ಲ ನಾಜಲ್ಲೂ ಒಂದೇ ಥರ ಕೇಳುತ್ತಿದ್ದವು. ಆಮೇಲೆ ಸೋರುವುದು ಬೇರೆ, ಸೀನುವುದು ಬೇರೆ, ಹಾಡುವುದು ಬೇರೆ ಎಂದು ತಿಳಿಯತೊಡಗಿತು. ಕೂಗಿಗೂ ಕೂಗಿಗೂ ನಡುವೆ ಒಂದು ಚೂರು ಬಿಡುವಿರುತ್ತದೆ. ಅದನ್ನು ಕೇಳುವುದೇ ಕಷ್ಟ. ಬಸ್ಸಿಗೆ ಅದರದೇ ಅಳತೆಯ ನಾಜಲ್ ಹಾಕಿ, ಒತ್ತಡ ಸರಿಮಾಡಿ ಕೊಟ್ಟರು. ಮತ್ತೆ ಆ ಮೂರನೇ ತಿರುವು ಹತ್ತಿದಾಗ ಕನ್ನಡಿಯಲ್ಲಿ ಹೊಗೆ ಇರಲಿಲ್ಲ, ಬೆಟ್ಟವೇ ಕಾಣುತ್ತಿತ್ತು.

ಎಷ್ಟೋ ವರ್ಷದ ಮೇಲೆ ಅವರು ಶೆಡ್ಡು ಮುಚ್ಚಿದ ದಿನವೂ ನಾನಿದ್ದೆ. ಅಜ್ಜೀಪುರದ ರೈತನೊಬ್ಬ ಪಂಪ್‌ಸೆಟ್ಟಿನ ನಾಜಲ್ ವಾಪಸು ತಂದು, “ಮೇಸ್ತ್ರಿ, ನೀವ್ ಮಾಡಿದ್ದೇ ಇದು, ಸೋರ್ತಾ ಅದೆ” ಅಂದ. ಮೇಸ್ತ್ರಿ ಪಂಪಿಗೆ ಹಾಕಿ ಒತ್ತಿದರು. ಕಿವಿ ಹತ್ತಿರ ತಂದರು. ನನ್ನ ಕಡೆ ತಿರುಗಿ, “ನಿಂಗೇನು ಕೇಳ್ತದೆ?” ಅಂದರು. ಬರೀ ಬುಸ್ ಎನ್ನುತ್ತಿತ್ತು. ಹೇಳಿದೆ.

“ನಂಗೆ ಕರ್ ಅಂತಾನೇ ಕೇಳ್ತಾ ಅದೆ ತಂಬಿ” ಅಂದರು.

ಅವತ್ತು ನನ್ನ ಕಿವಿ ಇಟ್ಟುಕೊಂಡು ಅದನ್ನು ಸರಿ ಮಾಡಿದರು. ರೈತನನ್ನು ಕಳಿಸಿ, ಸೀಗೆಪುಡಿ ಹಾಕಿ ಕೈ ತೊಳೆದು, ರೇಷ್ಮೆ ತುಂಡನ್ನು ಹಿಂಡಿ ಒಣಹಾಕಿ, ಬಾಗಿಲು ಎಳೆದರು. ಮತ್ತೆ ತೆರೆಯಲಿಲ್ಲ. ನಾನೇ ನಡೆಸಿಕೊಂಡು ಹೋಗುತ್ತೇನೆ ಅಂದದ್ದಕ್ಕೆ, “ನಿಂದು ಕಿವಿ ಅದೆ, ಕೈ ಇಲ್ಲ” ಎಂದು ನಕ್ಕರು. ನಿಜವೇ.

ಕೈ ಇಲ್ಲ ಎಂದಿದ್ದರಲ್ಲ, ಆ ಕೈಗೆ ಈಗ ಒಂದು ಕೆಲಸ ಬಿತ್ತು.

ಕೂಸು ಆಸ್ಪತ್ರೆಯಿಂದ ಮನೆಗೆ ಬಂದ ನಾಲ್ಕನೇ ದಿನ. ಮಗಳು ಹಿಂಡಿ ಕೊಟ್ಟ ಹಾಲನ್ನು ನನ್ನ ಹೆಂಡತಿ ಮೂತಿಯಿರುವ ಪುಟ್ಟ ಹಿತ್ತಾಳೆಯ ಒಳಲೆಯಲ್ಲಿ ಕುಡಿಸುತ್ತಿದ್ದಳು. ಅದೇ ಒಳಲೆಯಲ್ಲಿ ಐದು ಮಕ್ಕಳನ್ನು ಸಾಕಿದ ಕೈ. “ಇನ್ನೆರಡು ಗುಟುಕು ಕುಡಿ ನನ್ನವ್ವ, ದಪ್ಪ ಆಗು” ಎಂದು ಒಳಲೆಯನ್ನು ಚೂರು ಎತ್ತಿದಳು. ಕೂಸು ಕೆಮ್ಮಲಿಲ್ಲ, ಅಳಲಿಲ್ಲ. ತುಟಿ ನೀಲಿಯಾಯಿತು. ನಾನು ಚಪ್ಪಲಿ ಇಲ್ಲದೆ ಓಡಿ ನರ್ಸಮ್ಮನನ್ನು ಕರೆತಂದೆ. ಅವರು ಕೂಸನ್ನು ಬೋರಲು ಹಾಕಿ ಬೆನ್ನು ತಟ್ಟಿದರು. ಬೆಕ್ಕಿನ ಮರಿಯ ಹಾಗೆ ಒಂದು ದನಿ ಬಂತು. ಆ ದನಿ ಬರುವವರೆಗೆ ನಮ್ಮ ಮನೆಯಲ್ಲಿ ಯಾರೂ ಉಸಿರಾಡಿರಲಿಕ್ಕಿಲ್ಲ.

“ಅಜ್ಜೀ, ಅದ್ಕೆ ಉಸಿರು ತಕಳಾಕೂ ಪುರುಸೊತ್ತು ಬೇಕು. ಉಸಿರು ನೋಡ್ಕಂಡು ಆಲು ಕೊಡಿ” ಅಂದರು ನರ್ಸಮ್ಮ.

ಮೇಸ್ತ್ರಿಯ ಶೆಡ್ಡಿನಲ್ಲಿ ಕೇಳಿದ ಮಾತೇ ಅದು.

ಹೆಂಡತಿ ಒಳಲೆಯನ್ನು ಮೂಲೆಗೆ ಎಸೆದು ಅಡುಗೆಮನೆ ಸೇರಿದಳು. ಕೂಸಿನ ಹತ್ತಿರ ಬರಲೊಲ್ಲಳು. ಮಗಳು ಗೋಡೆಗೆ ತಲೆಯಿಟ್ಟು ಅಳುತ್ತಿದ್ದಳು. ನಾನು ಮೂರು ಸಲ ಕೈ ತೊಳೆದು, “ನರ್ಸಮ್ಮಾ, ನಂಗೆ ಕಲಿಸಿ” ಅಂದೆ. ಅವರು ಗಾಜಿನ ಫಿಲ್ಲರ್ ಒಂದನ್ನು ಕುದಿಸಿ ಕೊಟ್ಟು ತೋರಿಸಿದರು. ಒಂದು ಹನಿ. ಗಂಟಲು ಆಡಿತಾ ನೋಡು. ಎದೆ ಎದ್ದಿತಾ ನೋಡು, ಇಳಿಯಿತಾ ನೋಡು. ಆಮೇಲೆ ಇನ್ನೊಂದು. ನನ್ನ ಬಾಯಿ ತಾನಾಗಿ, “ಪೊರು, ಪೊರು” ಎನ್ನುತ್ತಿತ್ತು. ಬಾಗಿಲಲ್ಲಿ ನಿಂತಿದ್ದ ಹೆಂಡತಿ, “ಅದ್ಯಾವ ಮಂತ್ರ?” ಅಂದಳು. “ನಾಜಲ್ ಮೇಸ್ತ್ರೀದು” ಅಂದೆ.

ಕುಂತೂರಿನಿಂದ ವಾರಕ್ಕೊಮ್ಮೆ ಬರುವ ಅಳಿಯ, ಕಬ್ಬು ಬೆಳೆಯುವ ಒಳ್ಳೆಯ ಹುಡುಗ, ಕೂಸನ್ನು ನೋಡಿ ನೋಡಿ ತಡೆಯಲಾರದೆ, “ಮಾವ, ಚೂರು ಜಾಸ್ತಿ ಕೊಟ್ರೆ ಬಿರ್ರನೆ ಬೆಳೆಯಲ್ವಾ?” ಅಂದ. ಸಿಟ್ಟು ಬಂತು. ಆಮೇಲೆ ನಗು ಬಂತು. ವಿಭೂತಿ ಹಚ್ಚಿದ ಕಡ್ಡಿಯ ಕತೆ ಅವನಿಗೆ ಪೂರ್ತಿ ಹೇಳಿದೆ. ಮತ್ತೆ ಆ ಮಾತು ಆಡಲಿಲ್ಲ.

ಆದರೆ ಹೆಂಡತಿ? ಒಂದು ವಾರವಾದರೂ ಅವಳು ಕೂಸನ್ನು ಮುಟ್ಟಲಿಲ್ಲ. ನಾನು ಅವಳ ಕೈ ಹಿಡಿದು ತಂದು ಕೂರಿಸಿದೆ. “ಬ್ಯಾಡಿ, ನನ್ ಕೈಯೇ ಪಾಪದ್ದು” ಅಂದಳು. ಮಗಳು ನಮ್ಮಿಬ್ಬರನ್ನೂ ನೋಡುತ್ತಿದ್ದಳು. ಸಾಹುಕಾರರ ಮುಂದೆ ನನ್ನ ನಾಲಿಗೆ ಒಣಗಿದ್ದು ನೆನಪಾಯಿತು.

“ಕೇಳವ್ವಾ,” ಅಂದೆ ಮಗಳಿಗೆ, “ಇನ್ಮೇಲೆ ಈ ಮನೇಲಿ ನಿಮ್ಮವ್ವನಷ್ಟು ಉಸಾರಾಗಿ ಆಲು ಕುಡ್ಸೋರು ನಿಂಗೆ ಸಿಕ್ಕಕಿಲ್ಲ.”

ಹೆಂಡತಿಗೆ, “ಕಣ್ ಮುಚ್ಚು. ಕೇಳು” ಅಂದೆ. ಅವಳು ಕೂಸಿನ ಎದೆಯ ಹತ್ತಿರ ಕಿವಿ ತಂದಳು. ಒಂದೊಂದೇ ಉಸಿರು ಎಣಿಸಿದಳು. ಆಮೇಲೆ ಫಿಲ್ಲರ್‌ಗೆ ಕೈ ಚಾಚಿದಳು. ಅಲ್ಲಿಂದಾಚೆಗೆ ಹಗಲು ಅವಳದು, ರಾತ್ರಿ ನನ್ನದು.

ಈ ಐವತ್ತೆರಡು ದಿನ ನಾವು ಯಾರೂ ಒಟ್ಟಿಗೆ ಉಂಡಿರಲಿಲ್ಲ. ಒಬ್ಬರು ಕೂಸಿನ ಹತ್ತಿರ, ಒಬ್ಬರು ಒಲೆಯ ಹತ್ತಿರ, ಸಿಕ್ಕಿದವರು ಸಿಕ್ಕಿದಾಗ ನಿಂತುಕೊಂಡೇ. ಇವತ್ತು ಸಂಜೆ ದೀಪ ಹಚ್ಚುತ್ತಲೇ ಹೆಂಡತಿ ನಡುಮನೆಯಲ್ಲಿ ಉದ್ದಕ್ಕೆ ಎಲೆ ಹಾಕಿದಳು. ಸುದ್ದಿ ಕೇಳಿ ಮಧ್ಯಾಹ್ನದ ಬಸ್ಸಿಗೇ ಬಂದಿದ್ದ ಅಳಿಯ, ನನ್ನ ಮಕ್ಕಳು, ಸೊಸೆಯಂದಿರು, ಬಿಡದೆ ಕೂರಿಸಿಕೊಂಡ ನರ್ಸಮ್ಮ. ಮುದ್ದೆ, ಅವರೆಕಾಳಿನ ಸಾರು, ಅಳಿಯ ತಂದ ಹೊಸ ಬೆಲ್ಲದ ಪಾಯಸ. ಬಾಣಂತಿಗೆ ಪಥ್ಯ ಬೇರೆ, ಎಲೆ ಮಾತ್ರ ನಮ್ಮ ಸಾಲಿನಲ್ಲೇ. ಬಡಿಸಿ ಮುಗಿಸಿ ಹೆಂಡತಿಯೂ ಕೂತಳು.

ಅಷ್ಟರಲ್ಲಿ ಕೂಸು ಎದ್ದಿತು. ಮಗಳು ಗೋಡೆಯ ಕಡೆ ತಿರುಗಿ ಸೆರಗು ಮುಚ್ಚಿ ಎತ್ತಿಕೊಂಡಳು. ಎಲ್ಲರ ಕೈಯೂ ಎಲೆಯ ಮೇಲೆ ನಿಂತಿತು. ಚುಕ್, ಚುಕ್, ಚುಕ್. ಆಮೇಲೆ ಏನೂ ಇಲ್ಲ. ಹೆಂಡತಿ ನನ್ನ ಮುಖ ನೋಡಿದಳು. ನಾನು ಕಣ್ಣು ಮುಚ್ಚಿದೆ. ಒಂದು ಸಣ್ಣ ಉಸಿರು ಒಳಗೆ ಹೋಯಿತು, ಹೊರಗೆ ಬಂತು. ಚುಕ್, ಚುಕ್, ಚುಕ್.

“ಯಾಕಪ್ಪಾ ಎಲ್ರೂ ಇಂಗೆ ಕೂತಿದ್ದೀರಾ?” ಅಂದಳು ಮಗಳು ತಿರುಗದೆ. “ಅವಳು ಉಣ್ತಾವ್ಳೆ. ನೀವೂ ಉಣ್ಣಿ, ಸಾರು ಆರ್ತದೆ.”

ಎಲ್ಲರೂ ಒಟ್ಟಿಗೆ ಮುದ್ದೆ ಮುರಿದೆವು.